ತೋಟದಲ್ಲಿ ಹೇಳಿದ ಮಾತು

ಸಾಹೇಬರು ಬೆಳ್ಳಿ ಅಂಗಡಿಗೆ ಹೋದದ್ದು ಹೆಂಡತಿಯ ಸರದ ಕೊಂಡಿ ರಿಪೇರಿ ಮಾಡಿಸಲು. ಡ್ರೈವರ್ ಕೈಯಲ್ಲಿ ಕಳಿಸಿದ್ದರೂ ಆಗುತ್ತಿತ್ತು. ಆದರೆ ಶನಿವಾರ ಬೆಳಗ್ಗೆ ಒಬ್ಬರೇ ಕಾಲೆಳೆದುಕೊಂಡು ಅಂಗಡಿ ಬೀದಿ ಸುತ್ತುವ ಸುಖ ರಾಯಭಾರಿಯಾದವನಿಗೆ ಸುಲಭಕ್ಕೆ ದಕ್ಕುವುದಿಲ್ಲ. ಅಂಗಡಿಯವನು ಕೊಂಡಿಯನ್ನು ಭೂತಗನ್ನಡಿಯ ಕೆಳಗಿಟ್ಟು ಲೊಚಗುಟ್ಟುತ್ತಿದ್ದಾಗ ಸಾಹೇಬರ ಕಣ್ಣು ಅವನ ಬೆನ್ನ ಹಿಂದಿನ ಕಪಾಟಿಗೆ ಹೋಯಿತು. ಅಲ್ಲೊಂದು ದೊಡ್ಡ ಬೆಳ್ಳಿ ತಟ್ಟೆ ಅರ್ಧ ಮೈಗೆ ಬಟ್ಟೆ ಹೊದ್ದು ಒರಗಿ ನಿಂತಿತ್ತು. ಬಟ್ಟೆ ಜಾರಿದ ಕಡೆ ಅವರ ದೇಶದ ಲಾಂಛನ. ಅದರ ಕೆಳಗೆ ಅವರದೇ ಹೆಸರು, ಅಪ್ಪನ ಹೆಸರಿನ ಮೊದಲಕ್ಷರ ಸಮೇತ. ಅದರ ಕೆಳಗೆ, ‘ಬೀಳ್ಕೊಡುವ ಗೆಳೆಯರಿಂದ’ ಎಂಬಷ್ಟು ಓದುವುದರಲ್ಲಿ ಅಂಗಡಿಯವನು ತಿರುಗಿ ನೋಡಿ ಬಟ್ಟೆ ಎಳೆದು ಮುಚ್ಚಿದ.

“ಅದು ಬೇರೆಯವರ ಆರ್ಡರ್ ಸಾರ್.”

“ಯಾರದ್ದು?”

“ಯಾರದ್ದೋ ದೊಡ್ಡೋರದ್ದು. ನಿಮ್ಮ ಕೊಂಡಿ ಮಂಗಳವಾರ ಕೊಡ್ತೀನಿ.”

ಸಾಹೇಬರು ಹೊರಗೆ ಬಂದು ಫುಟ್‌ಪಾತಿನ ಮೇಲೆ ನಿಂತರು. ರಾಯಭಾರಿಗಳ ಬಳಗದಲ್ಲಿ ಒಂದು ಪದ್ಧತಿಯುಂಟು. ಯಾವ ರಾಯಭಾರಿ ಆ ನಗರ ಬಿಟ್ಟು ಹೊರಟರೂ ಉಳಿದವರೆಲ್ಲ ಸೇರಿ ಅವನಿಗೊಂದು ಬೆಳ್ಳಿ ತಟ್ಟೆ ಕೊಡುತ್ತಾರೆ. ಅದರ ಉಸ್ತುವಾರಿಯೆಲ್ಲ ಆ ನಗರದಲ್ಲಿ ಎಲ್ಲರಿಗಿಂತ ಹಳಬನಾದ ರಾಯಭಾರಿಯದು. ಇಲ್ಲಿ ಆ ಹಳಬ ಬೇರೊಂದು ದೇಶದ ಮುದುಕ. ಸಾಹೇಬರೂ ಅವರ ಹೆಂಡತಿಯೂ ತಮ್ಮತಮ್ಮಲ್ಲಿ ಅವನನ್ನು ಕರೆಯುತ್ತಿದ್ದದ್ದು ಹಿರೀಕ ಅಂತ. ಹೊರಡಲು ಒಂದು ತಿಂಗಳಿರುವಾಗ ತಟ್ಟೆ ಮಾಡಿಸುವುದು ರೂಢಿ. ಸಾಹೇಬರ ನಿವೃತ್ತಿಗೆ ಇನ್ನೂ ಬೇಸಿಗೆ ಬರಬೇಕು. ಈಗಿನ್ನೂ ಮರದ ಎಲೆ ಉದುರಲು ಶುರುವಾಗಿತ್ತಷ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆ ನಗಬಹುದು, ಮನುಷ್ಯ ಉಸಿರಾಡುತ್ತಿರುವಾಗಲೇ ಚಟ್ಟ ಕಟ್ಟಿದರೆ?

ಅಂದರೆ ಯಾರಿಗೋ ಏನೋ ಗೊತ್ತಾಗಿದೆ. ತನ್ನನ್ನು ವಾಪಸು ಕರೆಸಿಕೊಳ್ಳುತ್ತಿದ್ದಾರೆ, ಅದು ಊರಿಗೆಲ್ಲ ಗೊತ್ತು, ತನಗೊಬ್ಬನಿಗೆ ಗೊತ್ತಿಲ್ಲ.

ಈ ನೌಕರಿಯಲ್ಲಿ ಹಾಗಾಗುವುದು ಹೊಸದಲ್ಲ. ಸಾಹೇಬರು ಕಣ್ಣಾರೆ ಕಂಡಿದ್ದರು. ವೀಸಾ ಕಿಟಕಿಯಲ್ಲಿ ಕೂತು ಮೊಹರು ಒತ್ತುತ್ತಿದ್ದ ಎಳೆ ವಯಸ್ಸಿನಲ್ಲಿ ಅವರ ಮೊದಲ ಮೇಲಧಿಕಾರಿಗೆ ವರ್ಗದ ಸುದ್ದಿ ತಲುಪಿದ್ದು ಇಲಾಖೆಯಿಂದಲ್ಲ, ಮಕ್ಕಳ ಶಾಲೆಯ ಗುಮಾಸ್ತೆಯಿಂದ. “ನಿಮ್ಮ ಜಾಗಕ್ಕೆ ಬರೋರ ಮನೆಯವರು ಸೀಟು ಕೇಳಿ ಬರೆದಿದ್ದಾರೆ, ನಿಮ್ಮ ಮಕ್ಕಳ ಸೀಟು ಯಾವಾಗ ಖಾಲಿ ಆಗುತ್ತೆ?” ಅಂತ ಆಕೆ ಪಾಪ ಮುಗ್ಧವಾಗಿ ಕೇಳಿದ್ದಳು. ಆ ಮೇಲಧಿಕಾರಿ ಮೂರು ದಿನ ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದ್ದರು. ಆವತ್ತಿನಿಂದ ಸಾಹೇಬರು ಕಲಿತ ಪಾಠ ಒಂದೇ: ಯಾರು ಏನು ಹೇಳಿದರು ಅನ್ನುವುದು ಆಮೇಲೆ, ಯಾಕೆ ಈಗ ಹೇಳಿದರು ಅನ್ನುವುದು ಮೊದಲು. ಆ ಪಾಠದ ಬಲದಿಂದಲೇ ಅವರು ಊರೂರು ಸುತ್ತಿ, ಮೆಟ್ಟಿಲು ಮೆಟ್ಟಿಲಾಗಿ ಏರಿ, ತಲೆ ನರೆಯುವ ಹೊತ್ತಿಗೆ ಕಾರಿಗೆ ಬಾವುಟ ಕಟ್ಟಿಸಿಕೊಂಡಿದ್ದರು.

ಕೊನೆಗಾಲದಲ್ಲಿ ಕರೆಸಿಕೊಂಡರೆ ಅವಮಾನ ಒಂದು ಕಡೆ. ಅದಕ್ಕಿಂತ ಹೆಚ್ಚಿನದು ಬಂದರು ಒಪ್ಪಂದ. ಎರಡು ದೇಶಗಳ ನಡುವಿನ ಆ ಒಪ್ಪಂದಕ್ಕಾಗಿ ಅವರು ಮೂರು ವರ್ಷ ಸವೆದಿದ್ದರು. ಬೇಸಿಗೆಯ ಮುಂಚೆ ಸಹಿ. ಆ ದಿನ ಮೇಜಿನ ಹಿಂದೆ ನಿಲ್ಲುವವನು ತಾನಲ್ಲದಿದ್ದರೆ ಯಾರು? ಅದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿರಲಿಲ್ಲ. ಪಕ್ಕದ ಕೋಣೆಯಲ್ಲೇ ಕೂತಿತ್ತು ಉತ್ತರ.

ಅವರ ಉಪರಾಯಭಾರಿಗೆ ಸಾಹೇಬರ ಹೆಂಡತಿ ಇಟ್ಟ ಹೆಸರು ಬೆಣ್ಣೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಾನೆ ಅಂತ. ಅವಳು ಅದನ್ನು ಪ್ರೀತಿಯಿಂದ ಇಟ್ಟಿದ್ದಳು. ಸೋಮವಾರ ಬೆಳಗ್ಗೆ ಸಾಹೇಬರಿಗೆ ಅದರಲ್ಲಿ ಪ್ರೀತಿ ಕಾಣಿಸಲಿಲ್ಲ, ಬರೀ ಜಿಡ್ಡು ಕಾಣಿಸಿತು.

“ಬುಧವಾರ ಮಧ್ಯಾಹ್ನ ಒಂದು ಸಭೆ ಇಡೋಣ ಅಂತಿದ್ದೆ,” ಅಂದರು, ಕಡತದಿಂದ ತಲೆಯೆತ್ತದೆ.

“ಬುಧವಾರ ಬೇಡ ಸಾರ್. ಹಿರಿಯ ರಾಯಭಾರಿಗಳ ಮನೇಲಿ ಊಟ.”

“ಹೋದ ಬುಧವಾರಾನೂ ಅಲ್ಲೇ ಊಟ ಇತ್ತಲ್ಲ?”

“ಪ್ರತಿ ಬುಧವಾರ ಕರೀತಾರೆ ಸಾರ್. ಇಸ್ಪೀಟಿಗೆ ನಾಲ್ಕನೇ ಕೈ ಬೇಕು ಅವರಿಗೆ. ಇದ್ದೋರೆಲ್ಲ ಸೋತು ಸೋತು ಬಿಟ್ಟೋಡಿದ್ದಾರೆ, ನನಗೆ ಮಾತ್ರ ಸೋಲೋದು ರೂಢಿ ಆಗಿದೆ.” ಬೆಣ್ಣೆ ನಕ್ಕ.

ಸಾಹೇಬರೂ ನಕ್ಕರು. ಹಲ್ಲು ಮಾತ್ರ. ಆ ಮುದಿ ನರಿ ಇಸ್ಪೀಟಿಗೋಸ್ಕರ ವಾರವಾರ ಒಬ್ಬನಿಗೆ ಊಟ ಹಾಕುತ್ತಾನೆಯೇ? ಬೆಣ್ಣೆ ಆಚೆ ಹೋದ ಮೇಲೆ ಅವರು ಬಂದರು ಒಪ್ಪಂದದ ಕಡತಗಳನ್ನೆಲ್ಲ ತಮ್ಮ ಕೋಣೆಯ ಬೀರುವಿಗೆ ತರಿಸಿ, ಕೀಲಿ ಜೇಬಿಗೆ ಹಾಕಿಕೊಂಡರು.

ಅದೇ ಸಂಜೆ ಮನೆಗೆ ಬಂದರೆ ಬೆಣ್ಣೆಯ ಹೆಂಡತಿ ಹಜಾರದಲ್ಲಿ ಸ್ಟೂಲ್ ಮೇಲೆ ನಿಂತಿದ್ದಾಳೆ, ಕೈಯಲ್ಲಿ ಅಳತೆ ಟೇಪು. ಕಿಟಕಿಯ ಪರದೆ ಅಳೆಯುತ್ತಿದ್ದಾಳೆ! ರಾಯಭಾರಿಯ ಮನೆಯ ಪರದೆ!

“ಬಂದ್ರಾ ಭಾವಾ? ಬಾಗಿಲು ಮೆಲ್ಲಗೆ ಹಾಕಿ, ಬಿದ್ದುಬಿಟ್ಟೇನು.” ಅವಳು ಸಾಹೇಬರ ಹೆಂಡತಿಯನ್ನು ಅಕ್ಕ ಅನ್ನುತ್ತಿದ್ದಳು, ಹಾಗಾಗಿ ಇವರು ಭಾವ.

“ಏನಮ್ಮಾ, ಈಗಲೇ ಅಳತೆ ಶುರುವಾಯ್ತಾ?”

“ಹೂಂ ಮತ್ತೆ. ಈಗಿಂದ ನೋಡ್ಕೊಂಡ್ರೆ ಆಗ ಒದ್ದಾಡೋದು ತಪ್ಪುತ್ತೆ.”

ಅಡುಗೆಮನೆಯಿಂದ ಹೆಂಡತಿ ಟೀ ತಂದು, “ಯಾಕ್ರೀ, ಮುಖ ಹೀಗೆ ಹುಳ್ಳಗೆ ಮಾಡ್ಕೊಂಡಿದ್ದೀರಿ?” ಅಂದಳು. ಅವರು ಸೊಂಟ ನೋವು ಅಂದರು. ಮನೆಯೊಳಗೆ ಅವರು ನಿಜ ಹೇಳುತ್ತಿರಲಿಲ್ಲ.

ಅದು ಆ ದಂಪತಿಯ ಹಳೆಯ ಕಟ್ಟಳೆ. ಎರಡನೆಯ ಊರಿನಲ್ಲಿದ್ದಾಗ, ಊಟದ ಮೇಜಿನ ಮೇಲೆ ಅಲ್ಲಿನ ಮಂತ್ರಿಯೊಬ್ಬನ ಮೀಸೆಯನ್ನು ಅವಳು ಪೊರಕೆಗೆ ಹೋಲಿಸಿ ನಕ್ಕಿದ್ದಳು. ವಾರ ಕಳೆಯುವುದರಲ್ಲಿ ಔತಣವೊಂದರಲ್ಲಿ ಅದೇ ಮಂತ್ರಿ ಅವಳ ಮುಂದೆ ನಿಂತು ಮೀಸೆ ತಿರುವಿ, “ಅಮ್ಮಾ, ನಿಮ್ಮ ಮನೆ ಗುಡಿಸೋಕೆ ಬರಲಾ?” ಅಂದಿದ್ದ. ಅಂದಿನಿಂದ ಮನೆಯೊಳಗೆ ಆಡಿದ್ದು ಕದ್ದು ಕೇಳುವ ಗೋಡೆಗಳಿಗೆ: ಹವೆ, ಸೊಂಟನೋವು, ಆತಿಥೇಯ ದೇಶದ ಗುಣಗಾನ. ನಿಜವಾದದ್ದೆಲ್ಲ ತೋಟದಲ್ಲಿ, ಅಕ್ಕಪಕ್ಕ ನಡೆಯುತ್ತ. ಮಗಳು ಹೊಟ್ಟೆಯಲ್ಲಿದ್ದಾಳೆ ಅಂತ ಅವಳು ಹೇಳಿದ್ದು ಒಂದು ತೋಟದಲ್ಲಿ. ಅಪ್ಪ ಹೋದರು ಅಂತ ಅವರು ಹೇಳಿದ್ದು ಇನ್ನೊಂದು ತೋಟದಲ್ಲಿ. ತೋಟವಿಲ್ಲದ ಊರಿನಲ್ಲಿ ಕಟ್ಟಡದ ತಾರಸಿಯ ಮೇಲೆ ಒಗೆದ ಬಟ್ಟೆಗಳ ನಡುವೆ ನಿಂತು ಮಾತಾಡಿದ್ದರು. ಜಗಳವೂ ಅಲ್ಲೇ. ಆದರೆ ಸುಳ್ಳು ಮಾತ್ರ ಇಲ್ಲ, ಇಷ್ಟು ವರ್ಷದಲ್ಲಿ ಒಂದೂ ಇಲ್ಲ.

ಹೋದ ತಿಂಗಳು ಅವಳು ತನ್ನ ಸುದ್ದಿ ಹೇಳಿದ್ದೂ ಇಲ್ಲಿನ ತೋಟದಲ್ಲೇ. ಮದುವೆಗೆ ಮುಂಚೆ ಅವಳು ಕಿವುಡ ಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಆಮೇಲೆ ಗಂಡನ ಹಿಂದೆ ಊರೂರು. ಹೋದಲ್ಲೆಲ್ಲ ಅಂಥ ಶಾಲೆ ಹುಡುಕಿಕೊಂಡು ಹೋಗಿ, ಸಂಬಳವಿಲ್ಲದೆ ಕೂತು, ಆಯಾ ದೇಶದ ಕೈಮಾತು ಕಲಿತು ಬರುತ್ತಿದ್ದಳು. ಒಂದೊಂದು ದೇಶದ್ದು ಒಂದೊಂದು ಥರ. ಈಗ ತನ್ನ ಹಳೆಯ ಶಾಲೆಯೇ ಅವಳನ್ನು ಮುಖ್ಯೋಪಾಧ್ಯಾಯಿನಿಯಾಗಿ ಬಾ ಅಂದಿತ್ತು. ಬೇಸಿಗೆ ರಜೆ ಮುಗಿದ ಮೇಲೆ, ಸಾಹೇಬರ ನಿವೃತ್ತಿಗೆ ಸರಿಯಾಗಿ. ಅದನ್ನು ಹೇಳುವಾಗ ಅವಳ ಕೈ ತಡೆಯದೆ ಗಾಳಿಯಲ್ಲಿ ಏನೇನೋ ಆಡುತ್ತಿತ್ತು. “ಒಳ್ಳೇದಾಯ್ತು ಬಿಡು,” ಅಂದಿದ್ದರು ಸಾಹೇಬರು, ಬಂದರಿನ ಸುಂಕದ ವಿಚಾರ ಯೋಚಿಸುತ್ತ.

ಹಾಗಾದರೆ ತಟ್ಟೆಯ ವಿಚಾರವನ್ನೂ ತೋಟಕ್ಕೆ ಕರೆದೊಯ್ದು ಹೇಳಿಬಿಡಬಹುದಿತ್ತಲ್ಲ? ಹೇಳಬೇಕೆಂದೇ ಹೊರಟರು. ಆದರೆ ಚಪ್ಪಲಿ ಮೆಟ್ಟುವಾಗ ತಲೆಗೊಂದು ಹುಳ ಹೊಕ್ಕಿತು. ಪರದೆ ಅಳೆಯಲು ಆ ಹುಡುಗಿಯನ್ನು ಒಳಗೆ ಬಿಟ್ಟವರಾರು? ಹಿರೀಕನ ಹೆಂಡತಿಯ ಜೊತೆ ವಾರಕ್ಕೊಮ್ಮೆ ಕೂತು ಹರಟೆ ಹೊಡೆಯುವವರಾರು? ಊರಿಗೆ ಹೋಗಲು ಎಲ್ಲರಿಗಿಂತ ಅವಸರ ಯಾರಿಗೆ?

ಛೇ, ಅಂದುಕೊಂಡರು. ಛೇ ಅಂದಮೇಲೂ ಹುಳ ಹೊರಗೆ ಬರಲಿಲ್ಲ.

ಅವರ ವೃತ್ತಿಯಲ್ಲಿ ಸುದ್ದಿ ಸೋರುವ ತೂತು ಹಿಡಿಯಲು ಒಂದು ಉಪಾಯವುಂಟು. ಅನುಮಾನವಿದ್ದವರಿಗೆಲ್ಲ ಒಂದೊಂದು ಬೇರೆ ಸುಳ್ಳು ಹೇಳಿ ಕೂರುವುದು. ಯಾವ ಸುಳ್ಳು ಸುತ್ತಿ ತನ್ನ ಕಿವಿಗೇ ವಾಪಸು ಬರುತ್ತದೋ, ತೂತು ಅಲ್ಲಿ. ಸಾಹೇಬರು ಈ ಉಪಾಯದಲ್ಲಿ ಪಳಗಿದ ಕೈ. ಹಿಂದೆ ಇಬ್ಬರು ಗುಮಾಸ್ತರನ್ನೂ ಒಬ್ಬ ಸೇನಾ ಅಧಿಕಾರಿಯನ್ನೂ ಹೀಗೇ ಹಿಡಿದಿದ್ದರು. ಬೆಣ್ಣೆಗೆ, “ಯಾರಿಗೂ ಹೇಳಬೇಡ, ನನ್ನನ್ನ ಕೇಂದ್ರಕ್ಕೆ ಸಲಹೆಗಾರನಾಗಿ ಕರೀತಿದ್ದಾರೆ,” ಅಂದರು. ಆಪ್ತ ಕಾರ್ಯದರ್ಶಿಗೆ, ಅವಳ ಹೆಸರು ಕಚೇರಿಯಲ್ಲಿ ಡಂಗುರ, “ಮಂಡಿ ಆಪರೇಷನ್‌ಗೆ ಆರು ತಿಂಗಳು ರಜೆ ಹಾಕ್ತೀನಿ, ಗುಟ್ಟಾಗಿರಲಿ,” ಅಂದರು.

ಮೂರನೆಯ ಸುಳ್ಳನ್ನು ಹೆಂಡತಿಗೆ ಹೇಳಿದರು. ತೋಟದಲ್ಲಿ.

“ನೋಡೇ, ಇಲಾಖೆಯಿಂದ ಸುದ್ದಿ ಬಂದಿದೆ. ನಿವೃತ್ತಿ ಆದಮೇಲೂ ಇನ್ನೆರಡು ವರ್ಷ ಇಲ್ಲೇ ಮುಂದುವರೀರಿ ಅಂತ.”

ಅವಳು ನಿಂತಳು. ಬೇಲಿಗೆ ಸಿಕ್ಕಿದ್ದ ಒಣಗಿದ ಎಲೆಯೊಂದನ್ನು ಬಿಡಿಸಿ ತೆಗೆದಳು.

“ಒಪ್ಕೊಂಡ್ರಾ?”

“ಇಲಾಖೆ ಹೇಳಿದ ಮೇಲೆ ಒಪ್ಪೋದೇನು, ಬಿಡೋದೇನು.”

“ಎರಡು ವರ್ಷ ಖಂಡಿತಾನಾ? ಬದಲಾಗಲ್ವಾ?”

“ಖಂಡಿತ.”

“ಸರಿ,” ಅಂದಳು. ಆಮೇಲೆ ಇನ್ನೊಂದು ಸುತ್ತು ನಡೆದರು. ಸಿಟ್ಟಿಲ್ಲ, ಅಳುವಿಲ್ಲ. ಬರೀ ಸರಿ! ಸಾಹೇಬರು ರಾತ್ರಿ ಊಟದವರೆಗೂ ಆ ‘ಸರಿ’ಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಇವಳಿಗೆ ನಿಜ ಏನೆಂದು ಮೊದಲೇ ಗೊತ್ತಿರಬೇಕು, ಅದಕ್ಕೇ ತಣ್ಣಗಿದ್ದಾಳೆ ಅಂತ ತೀರ್ಮಾನಿಸಿದರು.

ಮುಂದಿನ ವಾರ ಬೇರೊಂದು ರಾಯಭಾರ ಕಚೇರಿಯಲ್ಲಿ ಮಧ್ಯಾಹ್ನದ ಸತ್ಕಾರ. ಬಿಳಿ ಹಾಸಿನ ಮೇಜುಗಳು, ಕೈಯಲ್ಲಿ ಗ್ಲಾಸು ಹಿಡಿದು ಒಬ್ಬರ ಭುಜದಾಚೆ ಇನ್ನೊಬ್ಬರನ್ನು ಹುಡುಕುವ ಕಣ್ಣುಗಳು. ಸಾಹೇಬರು ಕಿವಿ ತೆರೆದು ಸುತ್ತಿದರು. ಮಂಡಿಯ ವಿಚಾರ ಯಾರೂ ಎತ್ತಲಿಲ್ಲ. ಡಂಗುರ ಮೊದಲ ಸಲ ಸದ್ದು ಮಾಡಿರಲಿಲ್ಲ. ಕೇಂದ್ರದ ಸುದ್ದಿಯೂ ಇಲ್ಲ. ಅಷ್ಟರಲ್ಲಿ ಹಿರೀಕನ ಹೆಂಡತಿ ಎರಡೂ ಕೈ ಚಾಚಿಕೊಂಡು ಬಂದಳು.

“ಅಂತೂ ಇನ್ನೂ ಎರಡು ವರ್ಷ ನಮ್ಮ ಜೊತೇಲೇ!”

ಸಾಹೇಬರು ಗ್ಲಾಸನ್ನು ಮೇಜಿನ ಮೇಲಿಟ್ಟರು. ಕೋಣೆಯ ಆಚೆ ತುದಿಯಲ್ಲಿ ಹೆಂಡತಿ ಯಾರದೋ ಮಾತಿಗೆ ತಲೆಯಾಡಿಸುತ್ತಿದ್ದಳು. ಅವಳೇ. ಮೂರರಲ್ಲಿ ಅವಳೇ.

“ಯಾರು ಹೇಳಿದ್ರು ನಿಮಗೆ?” ಅಂದರು, ನಗು ಕೆಡದ ಹಾಗೆ.

“ಇನ್ಯಾರು? ಅವಳೇ ನನ್ನ ಮನೇಲಿ ಕೂತು ಅತ್ತಳು. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಹೇಳ್ಬಿಡ್ತೀನಿ. ಆ ಶಾಲೆಯವರಿಗೆ ಬರಲ್ಲ ಅಂತ ಬರೆದು ಹಾಕೋಕೆ ಹೇಗ್ರೀ ಬಿಟ್ರಿ ನೀವು? ಎರಡು ವರ್ಷ ಅವರ್ಯಾಕೆ ಕಾಯ್ತಾರೆ? ‘ಅವರಿಗೆ ಈ ಕೆಲಸ ಅಂದ್ರೆ ಪ್ರಾಣ, ನಾನು ಅಡ್ಡ ಬರಲ್ಲ’ ಅಂತಾಳೆ. ನಿಮಗೆ ಹೇಳಿಲ್ವಾ? ಅಯ್ಯೋ, ನಾನು ಬಾಯಿ ಬಿಟ್ಟೆ ಅಂತ ಹೇಳಬೇಡಿ ಮತ್ತೆ.”

ಸಾಹೇಬರಿಗೆ ಸುತ್ತಲಿನ ಗದ್ದಲ ನಿಂತುಹೋದಂತಾಯಿತು. ಪಕ್ಕದಲ್ಲಿ ಹಿರೀಕ ಬಂದು ನಿಂತದ್ದೂ ತಿಳಿಯಲಿಲ್ಲ.

“ನಮ್ಮವಳು ಬೈದಳಾ? ಮುಖ ಬಿಳಿಚಿಕೊಂಡಿದೆ ನಿಮ್ಮದು,” ಅಂದ ಹಿರೀಕ.

ಸಾಹೇಬರು ಬಳಸು ಮಾತು ಮರೆತು ಕೇಳಿಯೇಬಿಟ್ಟರು. “ಬೆಳ್ಳಿ ಅಂಗಡೀಲಿ ನನ್ನ ಹೆಸರಿನ ತಟ್ಟೆ ನೋಡಿದೆ. ನನ್ನನ್ನ ಕರೆಸ್ಕೋತಿದ್ದಾರಾ? ನಿಮಗೇನು ಗೊತ್ತು?”

ಹಿರೀಕ ಹೊಟ್ಟೆ ಕುಲುಕಿಸಿ ನಕ್ಕ. “ತಟ್ಟೆ! ನೀವು ಬಂದು ಮೊದಲನೇ ವಾರವೇ ಮಾಡಿಸಿದ್ದು ಕಣ್ರೀ ಅದು. ಎಲ್ಲರದ್ದೂ ಹಾಗೇ. ನನ್ನ ಬೀರು ಬಂದು ನೋಡಿ, ಇಡೀ ಊರಿನ ರಾಯಭಾರಿಗಳು ಸಾಲಾಗಿ ಮಲಗಿದ್ದಾರೆ. ಹಿಂದೊಮ್ಮೆ ಒಬ್ಬ ಗೆಳೆಯನ್ನ ರಾತ್ರೋರಾತ್ರಿ ಕರೆಸಿಕೊಂಡರು, ಬರಿಗೈಲಿ ಹೋದ ಪಾಪ. ಅವತ್ತಿಂದ ನಾನು ಯಾವ ಸರ್ಕಾರವನ್ನೂ ನಂಬಲ್ಲ, ಮೊದಲೇ ಕೆತ್ತಿಸಿಡ್ತೀನಿ. ಬೆಳ್ಳಿ ಕಪ್ಪಾಗುತ್ತಲ್ಲ, ವರ್ಷಕ್ಕೊಂದು ಸಲ ಪಾಲಿಶ್‌ಗೆ ಕೊಡ್ತೀನಿ. ಹೋಗೋ ತಾರೀಕು ಖಾಲಿ ಇತ್ತಲ್ಲ, ನೋಡಲಿಲ್ವಾ?”

“ಬಟ್ಟೆ ಮುಚ್ಚಿತ್ತು,” ಅಂದರು ಸಾಹೇಬರು.

ಕಾರಿನಲ್ಲಿ ಡ್ರೈವರ್ ಇದ್ದ, ಯಾರೂ ಮಾತಾಡಲಿಲ್ಲ. ಮನೆ ತಲುಪಿ ಸಾಹೇಬರು, “ಒಂಚೂರು ತೋಟಕ್ಕೆ ಬಾ,” ಅಂದರು. ಅವಳು ಸತ್ಕಾರದ ಸೀರೆಯಲ್ಲೇ ಬಂದಳು. ಅವರು ತಟ್ಟೆಯಿಂದ ಶುರು ಮಾಡಿ ಎಲ್ಲ ಹೇಳಿದರು. ಇಪ್ಪತ್ತು ದೇಶಗಳ ಮಂತ್ರಿಗಳ ಮುಂದೆ ತಡವರಿಸದ ನಾಲಿಗೆ ಅರ್ಧ ವಾಕ್ಯಕ್ಕೊಮ್ಮೆ ತಡವರಿಸಿತು.

ಅವಳು ಪೂರ್ತಿ ಕೇಳಿಸಿಕೊಂಡು, “ಎಷ್ಟು ಜನಕ್ಕೆ ಹೇಳಿದ್ರಿ ಹೀಗೆ?” ಅಂದಳು.

“ಮೂರು ಜನಕ್ಕೆ.”

“ಮೂವರಲ್ಲಿ ನಾನೊಬ್ಬಳು.”

“ಅದು ಹಾಗಲ್ಲ ಕಣೇ—”

“ಪರದೆ ನಾನೇ ಕೊಟ್ಟಿದ್ದು ಆ ಹುಡುಗಿಗೆ. ನನ್ನ ಸ್ವಂತ ಪರದೆ, ಊರಿಗೆ ಹೊತ್ಕೊಂಡು ಹೋಗಿ ಏನ್ಮಾಡಲಿ ಅಂತ. ಕೇಳಿದ್ರೆ ಹೇಳ್ತಿದ್ದೆ. ಒಂದು ಮಾತು ಕೇಳೋದು ಅಷ್ಟು ಕಷ್ಟ ಆಯ್ತಾ?” ಅವಳ ದನಿ ಏರಲಿಲ್ಲ. “ಊಟದ ಮೇಜಿನ ಹತ್ರ ಹೇಳಿದ್ರೆ ನಾನು ನಂಬ್ತಿರಲಿಲ್ಲ ರೀ. ತೋಟದಲ್ಲಿ ಹೇಳಿದ್ರಿ. ಮಾರನೇ ದಿನವೇ ಪತ್ರ ಹಾಕಿದೆ.”

ಹಾಗಂದವಳೇ ಮನೆಯೊಳಗೆ ನಡೆದಳು. ಸಾಹೇಬರು ಹಿಂದೆ ಓಡಿದರು. ಅವಳು ಹಜಾರದ ನಡುವೆ ನಿಂತು, ಎಷ್ಟೋ ವರ್ಷಗಳಿಂದ ಮನೆಯೊಳಗೆ ತೆಗೆಯದ ದೊಡ್ಡ ದನಿ ತೆಗೆದಳು.

“ಯಾರು ಕೇಳ್ತಿದ್ದೀರೋ ಸರಿಯಾಗಿ ಕೇಳಿಸ್ಕೊಳ್ಳಿ! ಈ ಮನೆ ಯಜಮಾನರು ಹೆಂಡತಿಯನ್ನ ಪರೀಕ್ಷೆ ಮಾಡೋಕೆ ಸುಳ್ಳು ಹೇಳಿದ್ರು. ಹೆಂಡತಿ ನಂಬಿ ಕೆಲಸ ಕಳ್ಕೊಂಡಳು. ಬರ್ಕೊಂಡ್ರಾ?”

“ಏಯ್, ಮೆಲ್ಲಗೆ...”

“ಯಾಕೆ ಮೆಲ್ಲಗೆ? ತೋಟಕ್ಕೂ ಗೋಡೆಗೂ ಇನ್ನೇನು ವ್ಯತ್ಯಾಸ ಉಳೀತು?”

ಅಲ್ಲೇ ನಿಂತು ಶಾಲೆಗೆ ಫೋನ್ ಮಾಡಿದಳು. ಸಾಹೇಬರಿಗೆ ಕೇಳಿಸಿದ್ದು ಇವಳ ಕಡೆಯ ಮಾತಷ್ಟೆ. “ಹೌದು, ನಾನೇ ಬರೆದಿದ್ದೆ... ಇಲ್ಲ, ತಿಳ್ಕೊಂಡಿದ್ದು ತಪ್ಪಾಯ್ತು... ಜಾಹೀರಾತು ಕೊಟ್ಟಾಯ್ತಾ... ಎಲ್ಲರ ಜೊತೆ ಸಂದರ್ಶನಕ್ಕಾ? ಕೂತ್ಕೋತೀನಿ, ನಾನೇನು ಮೇಲಿನವಳಾ?” ಫೋನ್ ಇಟ್ಟು, “ಸೋಮವಾರ ಸಂದರ್ಶನ. ನಾಳಿದ್ದು ಹೊರಡ್ತೀನಿ,” ಅಂದಳು.

“ಶಿಕ್ಷಣ ಇಲಾಖೆ ಕಾರ್ಯದರ್ಶಿ ನನ್ನ ಜೊತೆ ಓದಿದವನು. ಒಂದು ಫೋನ್ ಹಾಕ್ಲಾ?”

“ಬೇಡ. ನೀವು ಏನೂ ಮಾಡಬೇಡಿ. ಅದೊಂದು ಉಪಕಾರ ಮಾಡಿ.”

ಮರುದಿನ ಕಚೇರಿಯಲ್ಲಿ ಸಾಹೇಬರು ಬಂದರಿನ ಕಡತಗಳನ್ನು ತಾವೇ ಹೊತ್ತೊಯ್ದು ಬೆಣ್ಣೆಯ ಮೇಜಿನ ಮೇಲಿಟ್ಟರು. “ನೀನೇ ನೋಡ್ಕೋ.”

ಬೆಣ್ಣೆ ಎದ್ದು ನಿಂತ. “ಕಿತ್ಕೊಂಡಿದ್ದು ಯಾಕೆ ಸಾರ್?”

“ಸುಮ್ಮನೆ.”

“ವಾಪಸ್ ಕೊಟ್ಟಿದ್ದು?”

“ಅದೂ ಸುಮ್ಮನೆ.”

ಬೆಣ್ಣೆ ಕಡತವನ್ನು ಕೈಗೆ ತೆಗೆದುಕೊಳ್ಳದೆ, ಒಳಗೆ ಚೇಳಿದೆಯೇನೋ ಎಂಬಂತೆ ಬೆರಳ ತುದಿಯಲ್ಲಿ ಹೊದಿಕೆ ಎತ್ತಿ ನೋಡಿದ.

ವಿಮಾನ ನಿಲ್ದಾಣಕ್ಕೆ ಸಾಹೇಬರೇ ಜೊತೆ ಹೋದರು. ಡ್ರೈವರ್ ಡಿಕ್ಕಿ ತೆರೆದಾಗ ಪೆಟ್ಟಿಗೆಗೆ ತಾವೇ ಕೈ ಹಾಕಿದರು. ಜೀವಮಾನವಿಡೀ ಪೆಟ್ಟಿಗೆ ಕಟ್ಟಿ ಬಿಚ್ಚಿದ ಕೈ. ಎತ್ತಿದ ಕೂಡಲೇ ತೂಕ ತಿಳಿಯಿತು. ಒಂದು ವಾರಕ್ಕೆ ಅಂದಿದ್ದಳು. ಇದು ಒಂದು ವಾರದ ಪೆಟ್ಟಿಗೆಯಲ್ಲ. ಚಳಿಗಾಲದ ಕೋಟು ಇದೆ, ಪುಸ್ತಕಗಳಿವೆ.

“ಅಲ್ಲಿ ಹವೆ ಹೇಗಿದೆಯಂತೆ?” ಅಂದರು. “ಕೋಟು ಗೀಟು ಬೇಕಾಗುತ್ತೇನೋ...”

ಅವಳು ತಿರುಗಿ ನೋಡಿದಳು. ಅವರಿಗೆ ನಾಚಿಕೆಯಾಯಿತು.

“ತಿರುಗಿ ಬರ್ತೀಯಾ?”

“ಹಾಂ, ಹೀಗೆ ಕೇಳಿ,” ಅಂದಳು. “ಕೆಲಸ ಸಿಕ್ಕದಿದ್ರೆ ಬರ್ತೀನಿ. ಸಿಕ್ಕಿದ್ರೆ ಅಲ್ಲೇ ಇರ್ತೀನಿ. ನೀವು ನಿಮ್ಮ ಒಪ್ಪಂದ ಮುಗಿಸ್ಕೊಂಡು ಬನ್ನಿ, ಬಾಗಿಲು ತೆಗೀತೀನಿ.”

“ಸಿಟ್ಟಿದೆಯಾ?”

“ಇಲ್ಲದೆ ಇರುತ್ತಾ? ಊಟ ಬಿಡಬೇಡಿ.” ಪೆಟ್ಟಿಗೆಯನ್ನು ಅವರ ಕೈಯಿಂದ ತೆಗೆದುಕೊಂಡು, ಚಕ್ರದ ಮೇಲೆ ಉರುಳಿಸುತ್ತ ಗಾಜಿನ ಬಾಗಿಲಿನೊಳಗೆ ಹೋದಳು.

ವಾಪಸು ಬರುವಾಗ ಸಾಹೇಬರು ಹಿಂದಿನ ಸೀಟಿನಲ್ಲಿ ಕೂತು ಆ ಮಾತುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಬಾಗಿಲು ತೆಗೀತೀನಿ ಅಂದಳು. ಬನ್ನಿ ಅಂದದ್ದು ಒಪ್ಪಂದ ಮುಗಿಸಿಕೊಂಡು; ಮುಗಿಯದಿದ್ದರೆ? ಊಟ ಬಿಡಬೇಡಿ ಅಂದದ್ದು ಕಾಳಜಿಯೋ, ಇನ್ನು ಮೇಲೆ ನಿಮ್ಮ ಊಟ ನಿಮ್ಮದು ಅಂತಲೋ? ನಾಲ್ಕನೇ ಸಿಗ್ನಲ್ ದಾಟುವ ಹೊತ್ತಿಗೆ ಒಂದೇ ವಾಕ್ಯಕ್ಕೆ ಅವರು ಆರು ಅರ್ಥ ಕಟ್ಟಿದ್ದರು. ಅವಳು ಹೇಳಿದ್ದೇ ಅದರ ಅರ್ಥವೂ ಆಗಿರಬಹುದು ಎಂಬ ಏಳನೆಯದು ಹೊಳೆದಾಗ, ಅದನ್ನು ನಂಬಲು ಅವರು ತುಂಬಾ ಪ್ರಯತ್ನಪಟ್ಟರು.